ಬಹಳ ವರ್ಷದ ಮೇಲೆ ಪಾಪನಿವೇದನೆಗೆ ಹೋಗುವವರಿಗೆ

ನಮ್ಮ ಕಡೆ ರೊಬಸ್ಟಾ ಕಾಫಿ ಕುಯ್ಲು ಮುಗಿಯುತ್ತಾ ಬರುವ ಹೊತ್ತಿಗೆ ತಪಸ್ಸು ಕಾಲ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ, ಶುರುವಾಗುತ್ತದೆ. ಬಟವಾಡೆ ದುಡ್ಡು ಕೈಯಲ್ಲಿರುತ್ತದೆ, ಹೂಮಳೆ ಯಾವಾಗ ಅಂತ ಎಲ್ಲರೂ ಆಕಾಶ ನೋಡುತ್ತಿರುತ್ತಾರೆ. ನನ್ನನ್ನು ಹುಡುಕಿಕೊಂಡು ಬರುವವರು ಹೆಚ್ಚಾಗುವುದೂ ಆಗಲೇ. ನಾನು ಚಿಕ್ಕಮಗಳೂರು ಹತ್ತಿರದ ಆಲ್ದೂರು ಕಡೆಯವಳು. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಿಯಾದ ಮೇಲೂ ಭಾನುವಾರ ಪೂಜೆ ಮುಗಿದ ನಂತರ ಮಕ್ಕಳಿಗೆ ಜ್ಞಾನೋಪದೇಶ ಹೇಳಿಕೊಡುವುದನ್ನು ಬಿಟ್ಟಿಲ್ಲ. ಮಕ್ಕಳನ್ನು ಬಿಡಲು ಬರುವ ಅಪ್ಪಂದಿರು ಒಳಗೆ ಬರದೆ ಗೇಟಿನ ಹೊರಗೆ ಬೈಕಿನ ಮೇಲೇ ಕೂತಿರುತ್ತಾರೆ. ಅವರಲ್ಲಿ ಯಾರಾದರೊಬ್ಬರು ಎಲ್ಲರೂ ಹೋಗುವ ತನಕ ಕಾದು, "ಟೀಚರೇ, ಒಂದು ವಿಷಯ ಕೇಳಬಹುದಾ?" ಅನ್ನುತ್ತಾರೆ. ಪಾಪನಿವೇದನೆ, ಅಂದರೆ ನಮ್ಮ ಕಥೋಲಿಕರಲ್ಲಿ ಗುರುಗಳ (ಫಾದರ್) ಮುಂದೆ ಪಾಪ ಹೇಳಿಕೊಂಡು ದೇವರ ಕ್ಷಮೆ ಪಡೆಯುವುದು, ಅವರು ಮಾಡಿದ್ದು ಮದುವೆಗೆ ಮುಂಚೆ ಯಾವಾಗಲೋ. ಆಮೇಲೆ ಆ ಕಡೆ ತಲೆ ಹಾಕಿಲ್ಲ. ಈಗ ಹೋಗಬೇಕು ಅನ್ನಿಸುತ್ತಿದೆ, ಹೇಗೆ ಶುರುಮಾಡುವುದು ಅಂತ ಗೊತ್ತಿಲ್ಲ. ಒಬ್ಬೊಬ್ಬರಿಗೆ ಹೇಳುತ್ತಾ ಬಂದದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಒಂದು ಅಡ್ಡಗಾಲನ್ನು ದಾಟಬೇಕು. "ಕುಡಿಯೋದು ಬಿಟ್ಟುಬಿಟ್ಟು ಬರ್ತೀನಿ." "ಸಾಲ ತೀರಿಸ್ಕೊಂಡು ಬರ್ತೀನಿ." "ಸ್ವಲ್ಪ ಮನುಷ್ಯ ಆಗಿ ಬರ್ತೀನಿ ಟೀಚರೇ, ಈ ಮುಖ ಇಟ್ಕೊಂಡು ಹೆಂಗೆ ಬರ್ಲಿ?" ಹೀಗೆ ಹೇಳುತ್ತಲೇ ಹತ್ತಿಪ್ಪತ್ತು ವರ್ಷ ಕಳೆದವರು ನಮ್ಮ ಊರಲ್ಲೇ ಇದ್ದಾರೆ. ಅವರಿಗೆಲ್ಲ ನಾನು ಹೇಳುವುದು ಇಷ್ಟೇ: ಸರಿಹೋಗಿ ಬರಬೇಕು ಅಂತ ಯಾರೂ ನಿಮಗೆ ಷರತ್ತು ಹಾಕಿಲ್ಲ. ಈಗ ಹೇಗಿದ್ದೀರೋ ಹಾಗೇ ಬನ್ನಿ. ಸರಿಮಾಡುವವನು ಅಲ್ಲಿದ್ದಾನೆ.

ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಮನೆಯಲ್ಲಿ ಬೈಬಲ್ ಇದ್ದರೆ 25ನೇ ಕೀರ್ತನೆ ತೆಗೆಯಿರಿ. 22 ವಚನಗಳ ಪ್ರಾರ್ಥನೆ ಅದು, ಪರಂಪರೆ ಅದನ್ನು ದಾವೀದನದು ಎನ್ನುತ್ತದೆ. ಏಳನೇ ವಚನದಲ್ಲಿ ಅವನು ತನ್ನ ಯೌವನದ ಪಾಪಗಳನ್ನು ನೆನಪಿಟ್ಟುಕೊಳ್ಳಬೇಡ ಎಂದು ದೇವರನ್ನು ಬೇಡುತ್ತಾನೆ. ಎಂಟನೆಯದನ್ನು ಎರಡು ಸಲ ಓದಿ. ದೇವರು ಒಳ್ಳೆಯವನು, ಆದಕಾರಣ ಪಾಪಿಗಳಿಗೆ ದಾರಿ ಕಲಿಸುತ್ತಾನೆ ಎಂಬುದು ಅದರ ಭಾವ. ಪಾಪಿಗಳು ಸುಧಾರಿಸಿದ ಕಾರಣಕ್ಕೆ ಕಲಿಸುತ್ತಾನೆ ಅಂತಿಲ್ಲ. ಅವನು ಒಳ್ಳೆಯವನು, ಅಷ್ಟೇ ಕಾರಣ. ಹನ್ನೊಂದನೇ ವಚನ ನನಗೆ ಇನ್ನೂ ಇಷ್ಟ. ಪೊಲೀಸ್ ಠಾಣೆಯಲ್ಲಾಗಲಿ ಪಂಚಾಯ್ತಿಯಲ್ಲಾಗಲಿ ನಾವು "ನಂದೇನು ಅಂಥ ದೊಡ್ಡ ತಪ್ಪಲ್ಲ ಸಾರ್" ಅಂತ ಬೇಡಿಕೊಳ್ಳುತ್ತೇವೆ. ದಾವೀದ ಹೇಳುವುದು ಉಲ್ಟಾ: ನನ್ನ ಅಪರಾಧ ದೊಡ್ಡದು, ಅದಕ್ಕೇ ಕ್ಷಮಿಸು ಎಂದು. ದೇವರೆದುರು ಹಾಗೆ ಬೇಡಿಕೊಳ್ಳುವ ಧೈರ್ಯ ನಮಗೂ ಇದೆ.

ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಯೇಸು ಹೇಳಿದ ದಾರಿತಪ್ಪಿದ ಮಗನ ಸಾಮತಿ (ನೀತಿಕಥೆ) ಎಲ್ಲರಿಗೂ ಗೊತ್ತು: ಆಸ್ತಿಯ ಪಾಲು ತೆಗೆದುಕೊಂಡು ಮನೆ ಬಿಟ್ಟುಹೋದ ಕಿರಿಯ ಮಗ ಎಲ್ಲ ಕಳೆದುಕೊಂಡು ಹಿಂದಿರುಗುವ ಕಥೆ. ಆದರೆ ಒಂದು ಸಂಗತಿ ಗಮನಿಸಿ. ಹಂದಿ ಕಾಯುತ್ತಿದ್ದ ಜಾಗದಲ್ಲೇ ಅವನು ಅಪ್ಪನಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಳ್ಳುತ್ತಾನೆ: ಪಾಪ ಮಾಡಿದ್ದೇನೆ, ನಿಮ್ಮ ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳುಗಳಲ್ಲಿ ಒಬ್ಬನಾಗಿ ಇಟ್ಟುಕೊಳ್ಳಿ ಎಂದು. ಮಗ ಇನ್ನೂ ದೂರದಲ್ಲಿರುವಾಗಲೇ ಅಪ್ಪ ಓಡಿಬಂದು ತಬ್ಬಿಕೊಳ್ಳುತ್ತಾನೆ. ಮಗ ಪಾಠ ಒಪ್ಪಿಸಲು ಶುರುಮಾಡುತ್ತಾನೆ, ಆದರೆ ಕೂಲಿಯಾಳಿನ ಮಾತು ಅವನ ಬಾಯಿಂದ ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಬಟ್ಟೆ ತನ್ನಿ, ಉಂಗುರ ತನ್ನಿ, ಕಾಲಿಗೆ ಜೋಡು ತನ್ನಿ ಅಂತ ಆಳುಗಳನ್ನು ಕರೆಯುತ್ತಿರುತ್ತಾನೆ. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದ ಹುಡುಗರಿಗೆ ಇದನ್ನು ಓದಿ ಹೇಳಿದರೆ ಅವರಿಗೆ ಬೇಗ ಅರ್ಥವಾಗುತ್ತದೆ. ಆಳು ಯಾರು, ಮನೆಮಗ ಯಾರು ಅನ್ನುವ ವ್ಯತ್ಯಾಸ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕೆಲಸದ ಮಾತಿಗೆ ಬರೋಣ.

ಯಾವಾಗ ಹೋಗಬೇಕು? ಹೆಚ್ಚಿನ ಚರ್ಚುಗಳಲ್ಲಿ ಶನಿವಾರ ಸಂಜೆ, ಇಲ್ಲವೇ ಭಾನುವಾರ ಪೂಜೆಗೆ ಸ್ವಲ್ಪ ಮುಂಚೆ ಫಾದರ್ ಕೂರುತ್ತಾರೆ. ಪವಿತ್ರ ವಾರದಲ್ಲಿ ಸಾಲು ಬಾಗಿಲ ತನಕ ಬಂದಿರುತ್ತದೆ. ಬಹಳ ವರ್ಷದ ಮೇಲೆ ಬರುವವರು ಆ ಸಾಲಿಗೆ ಸೇರಬೇಡಿ. ಹಿಂದೆ ಜನ ಕಾಯುತ್ತಿದ್ದಾರೆ ಅನ್ನುವ ಗಾಬರಿಯಲ್ಲಿ ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ವಾರದ ಮಧ್ಯೆ ಒಂದು ಸಂಜೆ ಫಾದರ್‌ಗೆ ಫೋನ್ ಮಾಡಿ, "ಬಹಳ ವರ್ಷ ಆಗಿದೆ ಫಾದರ್, ಸ್ವಲ್ಪ ಸಮಯ ಬೇಕು" ಅನ್ನಿ. ನಂಬರ್ ಚರ್ಚಿನ ನೋಟಿಸ್ ಬೋರ್ಡಿನಲ್ಲಿ ಇರುತ್ತದೆ. ಈ ಒಂದು ಫೋನೇ ಎಲ್ಲಕ್ಕಿಂತ ಕಷ್ಟದ್ದು. ಅದನ್ನು ಮಾಡಿದವರು ಅರ್ಧ ದಾರಿ ಬಂದಂತೆ.

ಊರಿನ ಫಾದರ್ ಮುಂದೆ ನಾಚಿಕೆಯಾದರೆ ಬೇರೆ ಕಡೆ ಹೋಗಿ, ಅದರಲ್ಲಿ ತಪ್ಪಿಲ್ಲ. ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆ ಸೇರಿ ಒಂದೇ ಧರ್ಮಕ್ಷೇತ್ರ, ಅಂದರೆ ಒಬ್ಬರೇ ಧರ್ಮಾಧ್ಯಕ್ಷರ (ಬಿಷಪ್) ಆಡಳಿತ. 1963ರಲ್ಲಿ ಮೈಸೂರಿನಿಂದ ಬೇರೆಯಾದದ್ದು. ಆಲ್ದೂರಿನವರು ಚಿಕ್ಕಮಗಳೂರಿನ ಸಂತ ಜೋಸೆಫರ ಪ್ರಧಾನಾಲಯಕ್ಕೆ ಹೋಗಬಹುದು, ಸಕಲೇಶಪುರದವರು ಹಾಸನಕ್ಕೆ ಹೋಗಬಹುದು. ಯಾರೂ ಗುರುತಿನ ಚೀಟಿ ಕೇಳುವುದಿಲ್ಲ, ಹೆಸರು ಹೇಳಬೇಕಾಗಿಯೂ ಇಲ್ಲ. ಜಾಲರಿಯ ಈ ಕಡೆ ಮೊಣಕಾಲೂರಿದರೆ ಮುಖವೂ ಕಾಣುವುದಿಲ್ಲ. ಮನೆಯಲ್ಲಿ ಕೊಂಕಣಿಯೋ ತಮಿಳೋ ಆಡುವವರು ಆ ಭಾಷೆ ಬರುವ ಫಾದರ್ ಯಾರಿದ್ದಾರೆ ಅಂತ ಮೊದಲೇ ವಿಚಾರಿಸಿಕೊಳ್ಳಿ. ಅಮ್ಮನ ಹತ್ತಿರ ಯಾವ ಭಾಷೆಯಲ್ಲಿ ಅಳುತ್ತೀರೋ ಅದರಲ್ಲೇ ಹೇಳುವುದು ಒಳ್ಳೆಯದು. ಕೆಲವರು ವೇಳಾಂಗಣಿಗೇ ಹೋಗಿ ಮಾಡುತ್ತೇನೆ ಅಂತ ಹರಕೆ ಹೊತ್ತಿರುತ್ತಾರೆ. ಮಾತೆಯ ಹತ್ತಿರ ಖಂಡಿತ ಹೋಗಿಬನ್ನಿ. ಆದರೆ ಬಸ್ಸು ಗೊತ್ತಾಗಿ, ರಜೆ ಸಿಕ್ಕಿ, ದುಡ್ಡು ಕೂಡುವವರೆಗೆ ಇದನ್ನು ಮುಂದಕ್ಕೆ ಹಾಕಬೇಡಿ.

ಗುಟ್ಟಿನ ವಿಷಯ ಎಲ್ಲರೂ ಕೇಳುತ್ತಾರೆ. ಅಲ್ಲಿ ಕೇಳಿಸಿಕೊಂಡದ್ದನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ, ಮಾತಿನಿಂದಾಗಲಿ ಸನ್ನೆಯಿಂದಾಗಲಿ ಹೊರಹಾಕುವಂತಿಲ್ಲ. ಧರ್ಮಸಭೆಯ (ಕಥೋಲಿಕ ಚರ್ಚಿನ) ಕಾನೂನಿನ 983ನೇ ವಿಧಿ ಅದು. ಬೇಕೆಂದೇ ಹೊರಗೆಡವಿದ ಗುರು ಆ ಕ್ಷಣದಲ್ಲೇ ಬಹಿಷ್ಕೃತನಾಗುತ್ತಾನೆ. ನಿಮ್ಮ ಹೆಂಡತಿಗೆ, ಧಣಿಗೆ, ಪೊಲೀಸರಿಗೆ, ಧರ್ಮಾಧ್ಯಕ್ಷರಿಗೆ, ಯಾರಿಗೂ ಇಲ್ಲ.

ಇನ್ನು ತಯಾರಿ. ಒಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಟಿವಿ, ಮೊಬೈಲ್ ಆರಿಸಿ ಕೂತುಕೊಳ್ಳಿ. ಮೊದಲೇ ಪಾಪದ ಪಟ್ಟಿ ಬರೆಯಲು ಹೋಗಬೇಡಿ, ಇದು ನನ್ನ ಹಟ. ಇಷ್ಟು ವರ್ಷ ನೀವು ದೇವರನ್ನು ಬಿಟ್ಟಿದ್ದರೂ ಅವನು ನಿಮ್ಮನ್ನು ಬಿಡಲಿಲ್ಲ ಅನ್ನುವುದಕ್ಕೆ ಒಂದೆರಡು ಸಂಗತಿ ನೆನಪು ಮಾಡಿಕೊಳ್ಳಿ. ಚಾರ್ಮಾಡಿ ಘಾಟಿಯಲ್ಲಿ ಗಾಡಿ ಜಾರಿದರೂ ಪ್ರಾಣ ಉಳಿದದ್ದು ಇರಬಹುದು, ಜೇಬು ಬರಿದಾದ ವಾರ ಅಂಗಡಿಯವನು ಮುಖ ನೋಡದೆ ಅಕ್ಕಿ ಕೊಟ್ಟದ್ದು ಇರಬಹುದು. ಒಳ್ಳೆಯತನ ಕಂಡಮೇಲೆ ತಪ್ಪು ತಾನಾಗಿ ಕಾಣುತ್ತದೆ, ಕಂಡಾಗ ಓಡಿಹೋಗಬೇಕು ಅನ್ನಿಸುವುದಿಲ್ಲ. ಆಮೇಲೆ ಹತ್ತು ಕಟ್ಟಳೆಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು ನೋಡಿ. ಗಂಭೀರ ಪಾಪಗಳನ್ನು ಬಗೆ ಮತ್ತು ನೆನಪಿದ್ದಷ್ಟು ಸಂಖ್ಯೆ ಸಮೇತ ಹೇಳಬೇಕು. ನಿಜವಾಗಿ ಮರೆತುಹೋದದ್ದು ಉಳಿದವುಗಳ ಜೊತೆ ಕ್ಷಮಿಸಲ್ಪಡುತ್ತದೆ. ಮುಂದೆ ನೆನಪಾದರೆ ಮುಂದಿನ ಸಲ ಹೇಳಿದರಾಯಿತು. ಬೇಕೆಂದೇ ಒಂದನ್ನು ಬಚ್ಚಿಟ್ಟರೆ ಮಾತ್ರ ಇಡೀ ನಿವೇದನೆ ಕೆಟ್ಟಂತೆ.

ಪರಿಚಯದ ಒಬ್ಬ ಪಿಕಪ್ ಡ್ರೈವರ್ ಈ ವಿಷಯದಲ್ಲೇ ನನ್ನ ಹತ್ತಿರ ಬಂದಿದ್ದ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ತೋಟಗಳಿಂದ ಒಣಗಿದ ಕಾಫಿ ಹಣ್ಣಿನ (ಚೆರಿ) ಮೂಟೆಗಳನ್ನು ಬೀಜ ಬೇರ್ಪಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಸಾಗಿಸುವ ಕೆಲಸ ಅವನದು. 50 ಕೆಜಿ ಮೂಟೆಯ ಹೊಲಿಗೆ ಸಡಿಲಿಸಿ ಒಂದೊಂದರಿಂದ ಸ್ವಲ್ಪ ಸ್ವಲ್ಪ ತೆಗೆದು, ಮತ್ತೆ ಅದೇ ದಾರದಲ್ಲಿ ಹೊಲಿದು, ತೆಗೆದದ್ದನ್ನು ದಾರಿಯಲ್ಲಿ ಮಾರುತ್ತಿದ್ದನಂತೆ. ಡ್ರೈವಿಂಗ್ ಲೈಸೆನ್ಸಿನ ಕವರ್ ಒಳಗಿಂದ ನಾಲ್ಕಾಗಿ ಮಡಚಿದ ಲೋಡಿಂಗ್ ಚೀಟಿ ತೆಗೆದ. ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಗೀಟು ಎಳೆದು ಎಳೆದು ಲೆಕ್ಕ ಹಾಕಿದ್ದ, ಅಲ್ಲಲ್ಲಿ ಹೊಡೆದುಹಾಕಿ ಮತ್ತೆ ಬರೆದಿದ್ದ.

"ಎಷ್ಟು ಸಲ ಅಂತ ಲೆಕ್ಕ ಸಿಗ್ತಿಲ್ಲ ಟೀಚರೇ. ತಪ್ಪು ಲೆಕ್ಕ ಹೇಳಿದ್ರೆ ಅದೂ ಸುಳ್ಳಾಗಲ್ವಾ?"

"ಸೀಸನ್ನಿನಲ್ಲಿ ವಾರಕ್ಕೆ ಎಷ್ಟು ಸಲ ಇರಬಹುದು, ಎಷ್ಟು ಸೀಸನ್ ಅಂತ ಹೇಳಪ್ಪ, ಸಾಕು. ದೇವರು ನಿನ್ನ ಹತ್ತಿರ ಆಡಿಟ್ ಮಾಡ್ಸಲ್ಲ."

"ಪಶ್ಚಾತ್ತಾಪದ ಪ್ರಾರ್ಥನೆ ಬಾಯಿಗೆ ಬರಲ್ಲ."

"ಏನು ಬರುತ್ತೋ ಅದನ್ನೇ ಹೇಳು."

ಅವನು ಸ್ವಲ್ಪ ಹೊತ್ತು ಚೀಟಿ ನೋಡುತ್ತಾ ನಿಂತು, "ಧಣಿಗಳು ನನ್ನ ಮಗಳ ಫೀಸ್ ಕಟ್ಟಿದ್ರು" ಅಂದ. ಅದಕ್ಕಿಂತ ಒಳ್ಳೆಯ ಪಶ್ಚಾತ್ತಾಪದ ಪ್ರಾರ್ಥನೆ ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಅಳು ಬರಲೇಬೇಕೆಂದೇನೂ ಇಲ್ಲ. ಕೆಲವರಿಗೆ ಬರುವುದಿಲ್ಲ, ಅದಕ್ಕೇ ತಮ್ಮ ಪಶ್ಚಾತ್ತಾಪ ನಿಜವಲ್ಲ ಅಂದುಕೊಳ್ಳುತ್ತಾರೆ. ತಪ್ಪಾಯಿತು, ಇನ್ನು ಮಾಡಬಾರದು ಅನ್ನುವ ಮನಸ್ಸಿನ ತೀರ್ಮಾನ ಸಾಕು. ನರಕದ ಭಯದಿಂದ ಬಂದರೂ ದೇವರು ಬೇಡ ಅನ್ನುವುದಿಲ್ಲ, ಪ್ರೀತಿ ಆಮೇಲೆ ಹುಟ್ಟುತ್ತದೆ.

ಒಳಗೆ ಹೋದಮೇಲೆ ಶಿಲುಬೆಯ ಗುರುತು ಹಾಕಿ ಹೀಗೆ ಶುರುಮಾಡಿ: "ಫಾದರ್, ನನ್ನನ್ನು ಆಶೀರ್ವದಿಸಿ, ನಾನು ಪಾಪ ಮಾಡಿದ್ದೇನೆ. ಕೊನೆಯ ಸಲ ಪಾಪನಿವೇದನೆ ಮಾಡಿ ಇಷ್ಟು ವರ್ಷ ಆಯಿತು. ಕ್ರಮ ಮರೆತಿದ್ದೇನೆ, ಸಹಾಯ ಮಾಡಿ." ಮುಂದಿನದನ್ನು ಅವರೇ ನಡೆಸಿಕೊಡುತ್ತಾರೆ. ಯಾವುದನ್ನು ಹೇಳಲು ಅತಿ ಹೆಚ್ಚು ನಾಚಿಕೆಯೋ ಅದನ್ನೇ ಮೊದಲು ಹೇಳಿಬಿಡಿ; ಉಳಿದದ್ದು ಸುಲಭ. ಹೆಂಡತಿಯ ತಪ್ಪು, ತಮ್ಮನ ತಪ್ಪು, ಮೇಸ್ತ್ರಿಯ ತಪ್ಪು ಹೇಳಲು ಹೋಗಬೇಡಿ, ಅಲ್ಲಿ ನಿಮ್ಮದಷ್ಟೇ. ಅವರು ಹೇಳುವ ಪ್ರಾಯಶ್ಚಿತ್ತ ಸರಿಯಾಗಿ ಕೇಳಿಸದಿದ್ದರೆ ಇನ್ನೊಮ್ಮೆ ಕೇಳಿ. ಆಮೇಲೆ ಅವರು ಕೈ ಚಾಚಿ ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ಪಾಪಕ್ಷಮೆಯ ಮಾತು ಹೇಳುತ್ತಾರೆ. ಆಗ ನೀವು ಏನೂ ಮಾಡಬೇಕಿಲ್ಲ, ಸುಮ್ಮನೆ ಕೇಳಿಸಿಕೊಂಡು "ಆಮೆನ್" ಅನ್ನಿ.

ಎಲ್ಲೋ ಒಂದೊಂದು ಕಡೆ ಗಡುಸಾಗಿ ಮಾತಾಡುವ ಗುರುಗಳು ಸಿಗಬಹುದು. ಹಾಗಾದರೆ ದೇವರೇ ಬೈದ ಅಂತ ತಿಳಿದು ಇನ್ನೊಂದು ಇಪ್ಪತ್ತು ವರ್ಷ ದೂರ ಹೋಗಬೇಡಿ. ಮುಂದಿನ ವಾರ ಇನ್ನೊಬ್ಬರ ಹತ್ತಿರ ಹೋಗಿ.

ಕ್ಷಮೆ ಸಿಕ್ಕಿತು ಅಂದರೆ ಲೆಕ್ಕ ಮುಗಿಯಿತು ಅಂತಲ್ಲ. ಕದ್ದದ್ದನ್ನು ಹಿಂತಿರುಗಿಸಬೇಕು. ಬೈಬಲ್‌ನಲ್ಲಿ ಬರುವ ಸುಂಕ ವಸೂಲಿಯವನು ಜಕ್ಕಾಯ ಯೇಸುವನ್ನು ಮನೆಗೆ ಕರೆದುಕೊಂಡು ಹೋದ ದಿನವೇ ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಕೊಡುತ್ತೇನೆ ಅಂದ. ಯೇಸು ಅವನ ಮನೆಗೆ ಬರುತ್ತೇನೆ ಅಂದದ್ದು ಮೊದಲು, ಅವನು ದುಡ್ಡು ಕೊಡುತ್ತೇನೆ ಅಂದದ್ದು ಆಮೇಲೆ. ಆ ಕ್ರಮ ಮರೆಯಬೇಡಿ. ನಾಲ್ಕರಷ್ಟು ಕೊಡಲು ನಮ್ಮ ಕೈಯಲ್ಲಿ ಆಗಲಿಕ್ಕಿಲ್ಲ, ತೆಗೆದಷ್ಟನ್ನಾದರೂ ಕಂತಿನಲ್ಲಿ ಕೊಡಬೇಕು. ಹೆಸರು ಹೇಳಿಕೊಂಡು ಕೊಟ್ಟರೆ ಕೆಲಸ ಹೋಗುತ್ತದೆ ಅನ್ನುವ ಭಯವಿದ್ದರೆ ಗುಟ್ಟಾಗಿ ತಲುಪಿಸಬಹುದು, ಗುರುಗಳ ಮೂಲಕವೂ ಕೊಡಬಹುದು. ಧಣಿ ತೀರಿಕೊಂಡಿದ್ದರೆ ಮಕ್ಕಳಿಗೆ ಕೊಡಿ. ಯಾರೂ ಸಿಗದಿದ್ದರೆ ಬಡವರಿಗೆ. ಯಾರ ಮೇಲಾದರೂ ಸುಳ್ಳು ಅಪವಾದ ಹೊರಿಸಿದ್ದರೆ ಅದನ್ನು ಎಲ್ಲಿ ಹರಡಿದಿರೋ ಅಲ್ಲೇ ಅಳಿಸಬೇಕು. ದುಡ್ಡು ಕೊಡುವುದಕ್ಕಿಂತ ಕಷ್ಟ ಇದು.

ಕುಡಿತದ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಪಾಪನಿವೇದನೆ ಮಾಡಿದ ಉತ್ಸಾಹದಲ್ಲಿ ಅದೇ ರಾತ್ರಿಯಿಂದ ಪೂರ್ತಿ ನಿಲ್ಲಿಸಿಬಿಡುತ್ತೇನೆ ಅನ್ನುವವರಿದ್ದಾರೆ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದ ದೇಹ ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಗಿ, ಫಿಟ್ಸ್ ಬಂದು, ಇಲ್ಲದ್ದೆಲ್ಲ ಕಣ್ಣಿಗೆ ಕಂಡು, ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರ ಸಹಾಯದಿಂದಲೇ ಬಿಡಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆಯಾಯಿತು ಅಂತಲ್ಲ. ದೇವರು ದಾರಿ ತೋರಿಸುತ್ತಾನೆ ಅಂದಾಗ ಆ ದಾರಿಯಲ್ಲಿ ಆಸ್ಪತ್ರೆಯೂ ಇರುತ್ತದೆ.

ಚರ್ಚಿನ ಹೊರಗೆ ಮದುವೆಯಾದವರು, ಮೊದಲ ಮದುವೆ ಮುರಿದು ಇನ್ನೊಬ್ಬರ ಜೊತೆ ಇರುವವರು ತಮಗೆ ಬಾಗಿಲೇ ಇಲ್ಲ ಅಂದುಕೊಂಡಿರುತ್ತಾರೆ. ಅವರ ವಿಷಯ ಒಂದು ಸಂಜೆಯಲ್ಲಿ ಮುಗಿಯುವುದಿಲ್ಲ, ನಿಜ. ಕೆಲವು ಮದುವೆಗಳನ್ನು ಚರ್ಚಿನಲ್ಲಿ ಕ್ರಮಬದ್ಧಗೊಳಿಸಬಹುದು, ಕೆಲವಕ್ಕೆ ಧರ್ಮಕ್ಷೇತ್ರದ ನ್ಯಾಯಪೀಠದ ವಿಚಾರಣೆ ಬೇಕಾಗುತ್ತದೆ. ಧರ್ಮಕೇಂದ್ರದ ಗುರುಗಳ ಹತ್ತಿರ ದಾಖಲೆಗಳೊಂದಿಗೆ ಕೂತು ಮಾತಾಡಿ. ಅಲ್ಲಿಯವರೆಗೆ ಪೂಜೆಗೆ ಬನ್ನಿ, ಪ್ರಾರ್ಥಿಸಿ, ಮಕ್ಕಳನ್ನು ಕರೆದುಕೊಂಡು ಬನ್ನಿ. ಪರಮಪ್ರಸಾದದ ಸಾಲಿಗೆ ಹೋಗದೆ ಬೆಂಚಿನಲ್ಲೇ ಕೂತವರನ್ನು "ಯಾಕೆ ಹೋಗ್ಲಿಲ್ಲ?" ಅಂತ ಪಕ್ಕದವರು ಕೇಳಬಾರದು. ಕೇಳುವ ಅಭ್ಯಾಸ ನಮ್ಮ ಹೆಂಗಸರಲ್ಲಿ ಇದೆ, ದಯವಿಟ್ಟು ಬಿಡಿ.

ಮನೆಯವರಿಗೂ ಒಂದು ಮಾತು. ಆ ಸಾಮತಿಯಲ್ಲಿ ದೊಡ್ಡ ಮಗ ಎಲ್ಲೂ ಹೋಗಿರಲಿಲ್ಲ, ಆದರೂ ಕೊನೆಗೆ ಹೊರಗೆ ನಿಂತವನು ಅವನೇ. ಗಂಡನೋ ಮಗನೋ ಹಿಂದಿರುಗಿ ಬಂದ ದಿನ "ಈಗ ಬುದ್ಧಿ ಬಂತಾ?" ಅನ್ನಬೇಡಿ. ಏನು ಹೇಳಿದೆ, ಫಾದರ್ ಏನಂದರು ಅಂತ ಕೆದಕಬೇಡಿ. ಕಾಫಿ ಕೊಡಿ, ಊಟಕ್ಕೆ ಕರೆಯಿರಿ. ಹಾಗಂತ ಹೊಡೆಯುವ ಗಂಡ ಪಾಪನಿವೇದನೆ ಮಾಡಿ ಬಂದ ಮಾತ್ರಕ್ಕೆ ನೀವು ಮತ್ತೆ ಅವನ ಕೈಗೆ ಸಿಗಬೇಕು ಅಂತ ಯಾವ ದೇವರೂ ಹೇಳಿಲ್ಲ. ದೇವರ ಕ್ಷಮೆ ಅವನಿಗೆ ಸಿಕ್ಕಿರಬಹುದು, ನಿಮ್ಮ ಭದ್ರತೆ ಬೇರೆ ವಿಷಯ. ತವರಲ್ಲಿದ್ದರೆ ಅಲ್ಲೇ ಇರಿ, ಅವನ ನಡತೆ ನೋಡಿ, ಭಯವಿದ್ದರೆ 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ.

ಆಮೇಲಿನ ದಿನಗಳಲ್ಲಿ ದೇವರು ದಾರಿ ತೋರಿಸುವುದು ಹೇಗೆ ಅಂತ ಕೇಳುತ್ತಾರೆ. ಕನಸಿನಲ್ಲಿ ದನಿ ಕೇಳಿಸುತ್ತದೆ ಅಂತ ಕಾಯಬೇಡಿ. ಸಂತ ಇಗ್ನಾಸಿಯವರು ಹೇಳಿಕೊಟ್ಟ ಒಂದು ರೂಢಿಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಅವರು ಸಂತರಾಗಿ ಹುಟ್ಟಿದವರಲ್ಲ. ಸ್ಪೇನಿನ ಸೈನಿಕ, ಹೆಸರು ಮಾಡುವ ಹುಚ್ಚಿದ್ದವರು, 1521ರಲ್ಲಿ ಪಾಂಪ್ಲೋನಾದಲ್ಲಿ ಫಿರಂಗಿ ಗುಂಡು ಕಾಲಿಗೆ ಬಡಿದು ಹಾಸಿಗೆ ಹಿಡಿದಾಗ ದೇವರ ಕಡೆ ತಿರುಗಿದವರು. ಪ್ರತಿ ರಾತ್ರಿ ಹತ್ತು ನಿಮಿಷ ಇಡೀ ದಿನವನ್ನು ಹಿಂದಕ್ಕೆ ತಿರುಗಿ ನೋಡಿ. ಮೊದಲು ಕೃತಜ್ಞತೆ. ಬೆಳಕು ಕೊಡು ಎಂಬ ಪ್ರಾರ್ಥನೆ. ಬೆಳಿಗ್ಗೆಯಿಂದ ಎಲ್ಲಿ ದೇವರಿಗೆ ಹತ್ತಿರವಾದೆ, ಎಲ್ಲಿ ಜಾರಿದೆ ಅಂತ ನೋಡುವುದು. ಜಾರಿದ್ದಕ್ಕೆ ಕ್ಷಮೆ ಕೇಳುವುದು. ಕೊನೆಗೆ ನಾಳೆ ಒಂದೇ ಒಂದು ಕೆಲಸ ಸರಿಮಾಡುತ್ತೇನೆ ಎಂಬ ತೀರ್ಮಾನ. ಆ ಒಂದು ಕೆಲಸ ಚಿಕ್ಕದಾಗಿರಲಿ. ಬಟವಾಡೆ ದಿನ ಸರ್ಕಲ್ಲಿನ ಬಾರ್ ಮುಂದಿನ ರಸ್ತೆ ಬಿಟ್ಟು ಹಿಂದಿನ ರಸ್ತೆಯಲ್ಲಿ ಮನೆಗೆ ಬರುತ್ತೇನೆ ಅನ್ನುವಷ್ಟು ಚಿಕ್ಕದು. ಹೀಗೆ ವಾರಗಟ್ಟಲೆ ನೋಡಿದರೆ ಯಾವ ಗೆಳೆತನ, ಯಾವ ಹೊತ್ತು, ಯಾವ ಜಾಗ ನಿಮ್ಮನ್ನು ಎಳೆಯುತ್ತದೆ ಅಂತ ಸ್ಪಷ್ಟವಾಗಿ ಕಾಣಿಸತೊಡಗುತ್ತದೆ. ದೇವರು ಮಾತಾಡುವುದು ಬಹುತೇಕ ಹೀಗೇ.

ಅವರದೇ ಇನ್ನೊಂದು ನಿಯಮ ಮಲೆನಾಡಿನ ಮಳೆಗಾಲಕ್ಕೆ ಹೇಳಿಮಾಡಿಸಿದಂತಿದೆ: ಮನಸ್ಸು ಕತ್ತಲಾಗಿರುವಾಗ, ಒಳ್ಳೆಯ ದಿನಗಳಲ್ಲಿ ಮಾಡಿದ ತೀರ್ಮಾನವನ್ನು ಬದಲಾಯಿಸಬಾರದು. ಆಷಾಢದಲ್ಲಿ ಬಿಡದೆ ಮಳೆ ಹೊಡೆಯುತ್ತಾ, ಕರೆಂಟಿಲ್ಲದೆ, ಕೆಲಸವಿಲ್ಲದೆ ಮನೆಯೊಳಗೆ ಕೂತಾಗ "ಇದೆಲ್ಲ ನನ್ನ ಕೈಲಾಗಲ್ಲ, ಬಿಟ್ಟುಬಿಡೋಣ" ಅನ್ನಿಸುತ್ತದೆ. ಆ ದಿನ ಏನನ್ನೂ ಬಿಡಬೇಡಿ, ಏನನ್ನೂ ಹೊಸದಾಗಿ ಶುರುಮಾಡಲೂ ಬೇಡಿ. ಒಂದು "ಪರಲೋಕದಲ್ಲಿರುವ ನಮ್ಮ ತಂದೆಯೇ" ಹೇಳಿ ಮಲಗಿ. ಸಾಧ್ಯವಾದರೆ ಯಾರಿಗಾದರೂ ಫೋನ್ ಮಾಡಿ. ನಮ್ಮ ಪಿಕಪ್ ಡ್ರೈವರ್ ಅಂಥ ದಿನ ನನಗೆ ಫೋನ್ ಮಾಡುತ್ತಾನೆ. ಮಳೆ, ಮೆಣಸಿನ ರೇಟು, ಮಗಳ ಪರೀಕ್ಷೆ, ಇಷ್ಟೇ ಮಾತು. ಯಾಕೆ ಮಾಡಿದ ಅಂತ ನಾನು ಕೇಳುವುದಿಲ್ಲ.

ಮತ್ತೆ ಬೀಳುತ್ತೀರಿ. ಬೀಳದವರನ್ನು ನಾನು ಕಂಡಿಲ್ಲ. ಕಾಫಿ ಗಿಡದಲ್ಲಿ ಬೇಡದ ಚಿಗುರನ್ನು ಒಂದು ವರ್ಷ ತೆಗೆದರೆ ಮುಗಿಯಿತು ಅಂತ ಯಾವ ತೋಟದವನೂ ಅಂದುಕೊಳ್ಳುವುದಿಲ್ಲ, ಪ್ರತಿವರ್ಷ ತೆಗೆಸುತ್ತಲೇ ಇರುತ್ತಾನೆ. ಹಾಗೇ ಇದು. ಬಿದ್ದ ವಾರವೇ ಹೋಗಿ, ಮುಂದಿನ ತಪಸ್ಸು ಕಾಲದವರೆಗೆ ಕೂಡಿಟ್ಟುಕೊಳ್ಳಬೇಡಿ. ವರ್ಷಕ್ಕೊಮ್ಮೆ ಅನ್ನುವುದು ಧರ್ಮಸಭೆ ಹಾಕಿದ ಕನಿಷ್ಠ ಮಿತಿ. ತಿಂಗಳಿಗೊಮ್ಮೆ ಹೋಗುವ ಅಭ್ಯಾಸ ಮಾಡಿಕೊಂಡವರು ದಾರಿಯಲ್ಲಿ ಗಟ್ಟಿಯಾಗಿ ನಿಲ್ಲುವುದನ್ನು ನಾನು ನೋಡಿದ್ದೇನೆ. ಆದಷ್ಟೂ ಒಬ್ಬರೇ ಗುರುಗಳ ಹತ್ತಿರ ಹೋದರೆ ಅವರಿಗೆ ನಿಮ್ಮ ದಾರಿ ತಿಳಿದಿರುತ್ತದೆ, ಸಲಹೆ ಕೊಡಲು ಅನುಕೂಲ. ಅದೇ ಪಾಪವನ್ನು ಮತ್ತೆ ಹೇಳಲು ನಾಚಿಕೆಯಾದರೆ ಅದನ್ನೇ ಮೊದಲ ವಾಕ್ಯ ಮಾಡಿಕೊಳ್ಳಿ: "ಫಾದರ್, ಹಿಂದಿನ ಸಲ ಹೇಳಿದ್ದೇ ಇದು, ಮತ್ತೆ ಮಾಡಿದೆ."